ಬಾಗಿಲ ಮೇಲಿನ ಲೋಳೆಸರ ಯಾಕೆ ಸಾಯೋದಿಲ್ಲ?

ನಮ್ಮ ಬೀದಿಯ ಕೊನೆಯಲ್ಲಿರುವ ಕಿರಾಣಿ ಅಂಗಡಿಯ ಬಾಗಿಲಿಗೆ ಯುಗಾದಿಯ ಹೊತ್ತಿಗೆ ಒಂದು ಲೋಳೆಸರ ಕಟ್ಟಿದ್ದರು. ಬೇರಿಗೆ ಕೆಂಪು ದಾರ, ತಲೆ ಕೆಳಗೆ. ದಸರಾ ಬಂದರೂ ಅದು ಹಸಿರಾಗೇ ಇತ್ತು. ಎಲೆ ತೆಳ್ಳಗಾಗಿದ್ದವು, ತುದಿ ಕಂದಾಗಿತ್ತು, ಆದರೆ ನಡುವಿನ ಎಳೆ ಎಲೆಗಳು ಕೊಕ್ಕೆಯ ಹಾಗೆ ಬಾಗಿ ಆಕಾಶದ ಕಡೆ ಮುಖ ಮಾಡಿದ್ದವು. “ದೃಷ್ಟಿಯನ್ನೆಲ್ಲ ಎಳ್ಕೊಂಡು ಬೆಳೀತಾ ಇದೆ ನೋಡಿ ಸಾರ್” ಅಂದರು ಅಂಗಡಿಯವರು. ಒಣಗಿದ್ದರೆ? “ದೃಷ್ಟಿ ಜಾಸ್ತಿ ಬಿದ್ದು ಹೋಯ್ತು ಅಂತ.”

ನನಗೆ ಬೇಜಾರಾಗುವುದು ಇಲ್ಲೇ. ಬದುಕಿದರೂ ದೃಷ್ಟಿ, ಸತ್ತರೂ ದೃಷ್ಟಿ. ಹಾಗಾದ ಮೇಲೆ ಕೇಳಲೇಬೇಕಾದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಮಣ್ಣಿಲ್ಲ, ಬೇರಿಗೆ ನೀರಿಲ್ಲ, ಆರು ತಿಂಗಳು ಈ ಗಿಡ ಬದುಕಿದ್ದು ಹೇಗೆ?

ಎಲೆ ಬಿಸಿಲಲ್ಲಿ ಅಡುಗೆ ಮಾಡುತ್ತೆ ಅನ್ನೋದು ಎಲ್ಲರಿಗೂ ಗೊತ್ತಿರೋದೇ. ಅದಕ್ಕೆ ಇಂಗಾಲದ ಡೈಆಕ್ಸೈಡ್ ಬೇಕು, ಅದು ಒಳಗೆ ಬರಲು ಎಲೆಯ ಮೇಲಿನ ಪುಟ್ಟ ಕಿಂಡಿಗಳು ತೆರೆಯಬೇಕು. ತೆರೆದರೆ ಒಳಗಿನ ನೀರು ಆವಿಯಾಗಿ ಹೋಗುತ್ತೆ. ಭತ್ತ, ಮಾವು, ದಾಸವಾಳ ಹಗಲಲ್ಲೇ ಕಿಂಡಿ ತೆರೆದು ಈ ನಷ್ಟವನ್ನು ಸಹಿಸಿಕೊಳ್ಳುತ್ತವೆ. ಲೋಳೆಸರ ಸಹಿಸುವುದಿಲ್ಲ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್‌ನಲ್ಲಿ ಜನ ಏನು ಮಾಡ್ತಾರೆ? ಬೆಳಿಗ್ಗೆ ಹತ್ತಕ್ಕೆಲ್ಲ ಕಿಟಕಿ ಮುಚ್ಚಿ, ಸಂಜೆ ಗಾಳಿ ತಣ್ಣಗಾದ ಮೇಲೆ ತೆರೆಯುತ್ತಾರೆ, ಅಲ್ವಾ? ಅದೇ ಲೆಕ್ಕ. ಗಿಡ ರಾತ್ರಿ ಕಿಂಡಿ ತೆರೆಯುತ್ತೆ, ಹಗಲು ಮುಚ್ಚುತ್ತೆ.

ಆದರೆ ರಾತ್ರಿ ಬಿಸಿಲಿಲ್ಲ, ಅಡುಗೆ ಆಗೋದಿಲ್ಲ. ಒಳಗೆ ಬಂದ ಅನಿಲವನ್ನು ಬೆಳಗಿನ ತನಕ ಎಲ್ಲಿಡೋದು? ಈ ಗಿಡ ಅದನ್ನು ಮಾಲಿಕ್ ಆಮ್ಲವಾಗಿ ಬದಲಾಯಿಸಿ, ಪ್ರತಿ ಜೀವಕೋಶದೊಳಗಿರುವ ನೀರಿನ ಚೀಲದಲ್ಲಿ ತುಂಬಿಡುತ್ತೆ. ಸೇಬಿನ ಹುಳಿ ಇದೇ ಆಮ್ಲದ್ದು. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದ ಹಾಗೆ. ಇನ್ನೂ ಹತ್ತಿರದ ಹೋಲಿಕೆ ಬೇಕಿದ್ದರೆ ದೋಸೆ ಹಿಟ್ಟು: ರಾತ್ರಿ ರುಬ್ಬಿಟ್ಟದ್ದು ಬೆಳಿಗ್ಗೆ ಹುಳಿ ಬಂದಿರುತ್ತೆ, ಕಾವಲಿ ಕಾದ ಮೇಲೆ ಒಂದೊಂದೇ ಸೌಟು ಹೊಯ್ಯುತ್ತೇವೆ. ಹಿಟ್ಟಿನ ಹುಳಿ ಬ್ಯಾಕ್ಟೀರಿಯಾಗಳದ್ದು, ಎಲೆಯ ಹುಳಿ ಎಲೆಯದ್ದೇ, ಅದು ಬೇರೆ ಮಾತು. ಬಿಸಿಲೇರಿದಂತೆ ಆಮ್ಲ ಒಡೆದು ಇಂಗಾಲದ ಡೈಆಕ್ಸೈಡ್ ಹೊರಬರುತ್ತೆ, ಮುಚ್ಚಿದ ಕಿಂಡಿಗಳ ಹಿಂದೆಯೇ ಸಕ್ಕರೆ ತಯಾರಾಗುತ್ತೆ. ಸಂಜೆಗೆ ಪಾತ್ರೆ ಖಾಲಿ. ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಗಳಿಸಲು ಭತ್ತದಂಥ ಗಿಡ ಸುಮಾರು 400ರಿಂದ 500 ಗ್ರಾಂ ನೀರು ಕಳೆದುಕೊಂಡರೆ, ಈ ದಾರಿ ಹಿಡಿದ ಗಿಡಗಳಿಗೆ 50ರಿಂದ 100 ಗ್ರಾಂ ಸಾಕು. ಪಾಪಸ್‌ಕಳ್ಳಿ, ಕತ್ತಾಳೆ, ಅನಾನಸ್ ಎಲ್ಲ ಇದೇ ಗುಂಪು.

ಹುಳಿಯ ಈ ಗುಟ್ಟು ಮೊದಲು ಸಿಕ್ಕಿದ್ದು ನಾಲಿಗೆಗೆ. ಜರ್ಮನಿಯಿಂದ ಬಂದು ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸಸ್ಯವಿಜ್ಞಾನಿಯಾಗಿದ್ದ ಬೆಂಜಮಿನ್ ಹೇಯ್ನ್ ಅನ್ನುವವರು, ಟಿಪ್ಪುವಿನ ಕಾಲದ ನಂತರ ನಮ್ಮ ಲಾಲ್‌ಬಾಗ್‌ನ ಉಸ್ತುವಾರಿಯನ್ನೂ ನೋಡಿಕೊಂಡವರು, ಇದೇ ಗುಂಪಿನ ಕಾಡುಬಸಳೆಯ ಎಲೆ ಅಗಿದು ನೋಡಿದರು. ಬೆಳಿಗ್ಗೆ ಚುಕ್ಕೆ ಸೊಪ್ಪಿನ ಜಾತಿಯ ಗಿಡದಷ್ಟೇ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ. ಇದನ್ನು ಅವರು ಲಂಡನ್ನಿನ ಲಿನಿಯನ್ ಸೊಸೈಟಿ ಅನ್ನುವ ಜೀವವಿಜ್ಞಾನದ ಸಂಘಕ್ಕೆ ಬರೆದ ಪತ್ರ 1815ರಲ್ಲಿ ಅಚ್ಚಾಯಿತು. ಉಪಕರಣ ಒಂದೂ ಇಲ್ಲ, ಒಂದೇ ಎಲೆಯನ್ನು ದಿನಕ್ಕೆ ಮೂರು ಸಲ ತಿಂದು ನೋಡುವ ಕುತೂಹಲ, ಅಷ್ಟೇ. ನಾನೂ ಮಾಡಿದ್ದೇನೆ. ಬೆಳಿಗ್ಗೆ ಆರಕ್ಕೆ ಹುಣಸೆ ಚಿಗುರು ಕಚ್ಚಿದ ಹಾಗೆ ಹಲ್ಲು ಚುಳ್ಳೆಂದಿತು, ಸಂಜೆ ನಾಲ್ಕಕ್ಕೆ ಸುಮ್ನೆ ಹಸಿ ಸೊಪ್ಪು. ನೀವು ಮಾಡುವುದಾದರೆ ಒಂದು ಚೂರು ಅಗಿದು ಉಗಿದುಬಿಡಿ, ನುಂಗಬೇಡಿ. ದನಗಳ ಹೃದಯಕ್ಕೆ ಕೆಡುಕು ಮಾಡುವ ವಸ್ತು ಆ ಗಿಡದಲ್ಲಿದೆ.

ಈಗ ಬಾಗಿಲಿನ ಗಿಡಕ್ಕೆ ಬರೋಣ. ನೀರು ತೀರಾ ಕಡಿಮೆಯಾದಾಗ ಇಂಥ ಗಿಡಗಳು ರಾತ್ರಿಯೂ ಕಿಂಡಿ ತೆರೆಯದೆ, ತಾವು ಉಸಿರಾಡಿ ಬಿಟ್ಟ ಅನಿಲವನ್ನೇ ಮತ್ತೆ ಮತ್ತೆ ಬಳಸಿಕೊಂಡು ಕಾಲ ನೂಕುತ್ತವೆ. ಅಂಗಡಿಯ ಲೋಳೆಸರ ಎಳೆದುಕೊಂಡದ್ದು ತನ್ನ ಹಳೆ ಎಲೆಗಳ ನೀರನ್ನು. ಎಳೆ ಎಲೆ ಮೇಲಕ್ಕೆ ಬಾಗಿದ್ದು ಭೂಮಿಯ ಸೆಳೆತ ಯಾವ ಕಡೆ ಅನ್ನೋದು ಅದಕ್ಕೆ ಗೊತ್ತಾಗುವುದರಿಂದ. ನಿಜ ಹೇಳಬೇಕೆಂದರೆ ಆ ಗಿಡ ಒಟ್ಟಾರೆ ದೊಡ್ಡದಾಗುತ್ತಿರಲಿಲ್ಲ, ಉಪವಾಸ ಇತ್ತು.

ಇನ್ನೊಂದು ಹೊಸ ನಂಬಿಕೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ: ಲೋಳೆಸರ ರಾತ್ರಿ ಆಮ್ಲಜನಕ ಬಿಡುತ್ತೆ, ಮಲಗುವ ಕೋಣೆಯಲ್ಲಿಡಿ ಅಂತ. ತಪ್ಪು. ರಾತ್ರಿ ಅದು ಇಂಗಾಲದ ಡೈಆಕ್ಸೈಡ್ ಒಳಗೆಳೆಯುವುದು ನಿಜ, ಆದರೆ ಆಮ್ಲಜನಕ ಹುಟ್ಟಲು ಬೆಳಕೇ ಬೇಕು. ಗಾಳಿ ಶುದ್ಧ ಮಾಡುತ್ತೆ ಅನ್ನುವುದಕ್ಕೆ ಎಲ್ಲರೂ ತೋರಿಸುವ ನಾಸಾದ 1989ರ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಗಳಲ್ಲಿ. ಕಿಟಕಿ ತೆರೆದಷ್ಟು ಫಲ ಸಿಗಬೇಕಾದರೆ ಒಂದು ಚದರ ಮೀಟರಿಗೆ ಕನಿಷ್ಠ 10 ಗಿಡ ಬೇಕು ಅಂತ 2019ರ ಒಂದು ವಿಮರ್ಶೆ ಲೆಕ್ಕ ಹಾಕಿದೆ.

ಇಷ್ಟು ಗೊತ್ತಾದರೆ ಸಾಕುವುದು ಸುಲಭ. ಈ ಗಿಡ ಸಾಯುವುದು ಹೆಚ್ಚಾಗಿ ಪ್ರೀತಿಯಿಂದ ದಿನಾ ನೀರು ಹಾಕುವವರ ಮನೆಯಲ್ಲಿ. ಬೇರಿಗೂ ಗಾಳಿ ಬೇಕು, ಮಣ್ಣು ಸದಾ ಒದ್ದೆಯಾಗಿದ್ದರೆ ಕೊಳೆಯುತ್ತೆ. ತಳದಲ್ಲಿ ತೂತಿರುವ ಮಣ್ಣಿನ ಕುಂಡ, ಕೆಂಪು ಮಣ್ಣಿಗೆ ಅರ್ಧದಷ್ಟು ದಪ್ಪ ಮರಳು, ಬೆಳಗಿನ ಬಿಸಿಲು ಬೀಳುವ ಕಿಟಕಿ. ಬೆರಳನ್ನು ಎರಡು ಗೆಣ್ಣು ಇಳಿಸಿ ನೋಡಿ, ಪೂರ್ತಿ ಒಣಗಿದ್ದರೆ ಮಾತ್ರ ನೀರು. ಮಲೆನಾಡಿನ ಮಳೆಗಾಲದಲ್ಲಿ ಸೂರಿನಡಿ ಇಟ್ಟು ಮರೆತುಬಿಡಿ.

ದೀಪಾವಳಿಗೆ ಅಂಗಡಿಯವರು ಹೊಸ ಗಿಡ ಕಟ್ಟಿ ಹಳೆಯದನ್ನು ಕಸಕ್ಕೆ ಎಸೆಯುವಾಗ ಕೇಳಿ ತಂದೆ. ಒಣ ಬೇರು ಕತ್ತರಿಸಿ, ಗಾಯ ಆರಲಿ ಅಂತ ಮೂರು ದಿನ ನೆರಳಲ್ಲಿಟ್ಟು ನೆಟ್ಟೆ. ತಿಂಗಳ ನಂತರ ಎಲೆಗಳು ಮೆಲ್ಲಗೆ ಉಬ್ಬಿದವು. ಬಾಗಿಲಲ್ಲಿ ಆಕಾಶ ನೋಡುತ್ತಿದ್ದ ಕೊಕ್ಕೆ ಎಲೆಗಳು ಈಗ ನೆಲ ನೋಡುತ್ತಿವೆ, ಅವುಗಳ ನಡುವಿನಿಂದ ಹೊಸದೊಂದು ಎಲೆ ನೆಟ್ಟಗೆ ಮೇಲೆ ಬರುತ್ತಿದೆ.