ಎದೆ ಒತ್ತುವ ಕೈ ನಿಂತಾಗ

ಹೃದಯ ನಿಂತುಹೋದವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ದೊಡ್ಡವರಾದರೆ ಪ್ರತಿ ಸಲವೂ 5 ಸೆಂಟಿಮೀಟರ್ ಆದರೂ ಕೆಳಗಿಳಿಯಬೇಕು. ಎರಡು ನಿಮಿಷಕ್ಕೊಮ್ಮೆ ಕೈ ತೆಗೆದು, ಹೃದಯ ತಾನಾಗಿ ಬಡಿಯುತ್ತಿದೆಯಾ ಎಂದು ನೋಡುತ್ತಾರೆ. ಅದಕ್ಕೆ ಇರುವ ಸಮಯ ಹೆಚ್ಚೆಂದರೆ 10 ಸೆಕೆಂಡು. ಕೈ ನಿಂತರೆ ಮಿದುಳಿಗೆ ರಕ್ತ ಹೋಗುವುದೂ ನಿಲ್ಲುತ್ತದೆ. ಮತ್ತೆ ಒತ್ತಲು ಶುರು ಮಾಡಿದರೂ ಒತ್ತಡ ಕೂಡಲೇ ಏರುವುದಿಲ್ಲ. ಬೋರಿಂಗ್ ಹೊಡೆಯುವಾಗ ಕೈ ಬಿಟ್ಟರೆ ನೀರು ಇಳಿದುಹೋಗುತ್ತದಲ್ಲ, ಮತ್ತೆ ಮೇಲೆ ಬರಬೇಕಾದರೆ ಒಂದಷ್ಟು ಸಲ ಸುಮ್ನೆ ಹೊಡೆಯಬೇಕು. ಇದೂ ಹಾಗೇ.

ಈ 10 ಸೆಕೆಂಡಿನೊಳಗೆ ಎಮರ್ಜೆನ್ಸಿ ವೈದ್ಯರು ಅಲ್ಟ್ರಾಸೌಂಡ್ ಯಂತ್ರವನ್ನೂ ತಂದರು. ಕಾರಣ ಇದೆ. ಬೆರಳಿಟ್ಟು ನಾಡಿ ಹುಡುಕುವುದು ನಾವು ಅಂದುಕೊಂಡಷ್ಟು ಸುಲಭವಲ್ಲ. ಗಾಬರಿಯಲ್ಲಿ ನಮ್ಮದೇ ಬೆರಳಿನ ಬಡಿತವನ್ನು ರೋಗಿಯದು ಅಂದುಕೊಳ್ಳಬಹುದು. ಯಂತ್ರದ ಪ್ರೋಬ್, ಅಂದರೆ ಕೈಯಲ್ಲಿ ಹಿಡಿದು ಮೈಗೆ ತಾಗಿಸುವ ಭಾಗ, ಎದೆಯ ಮೇಲೆ ಇಟ್ಟರೆ ಹೃದಯವೇ ಪರದೆಯ ಮೇಲೆ ಕಾಣುತ್ತದೆ. ನಮ್ಮ ಕಿವಿಗೆ ಕೇಳದಷ್ಟು ಹೆಚ್ಚಿನ ಕಂಪನದ ಸದ್ದು ಒಳಗೆ ಹೋಗಿ, ತಾಗಿದ್ದರಿಂದ ವಾಪಸ್ ಬರುತ್ತದೆ. ರಕ್ತದಂಥ ದ್ರವದಿಂದ ಹೆಚ್ಚೇನೂ ಮರಳುವುದಿಲ್ಲ, ಹಾಗಾಗಿ ಅದು ಕಪ್ಪಗೆ ಕಾಣುತ್ತದೆ. ಹೃದಯದ ಸುತ್ತಲಿನ ಚೀಲದಲ್ಲಿ ದ್ರವ ತುಂಬಿ ಹೃದಯವನ್ನು ಅಮುಕುತ್ತಿದ್ದರೆ, ಸುತ್ತ ಒಂದು ಕಪ್ಪು ಪಟ್ಟಿ ಕಾಣುತ್ತದೆ. ಸೂಜಿ ಹಾಕಿ ಅದನ್ನು ತೆಗೆಯಬಹುದು.

2016ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಅಮೆರಿಕ ಮತ್ತು ಕೆನಡಾದ 20 ಆಸ್ಪತ್ರೆಗಳು, 793 ರೋಗಿಗಳು. ಎಲ್ಲರದೂ ಕರೆಂಟ್ ಶಾಕ್ ಕೊಟ್ಟರೂ ಉಪಯೋಗವಾಗದ ಬಗೆಯ ಹೃದಯ ಸ್ತಂಭನ. ಹೃದಯದ ಸುತ್ತ ದ್ರವ ಕಂಡು ಅದನ್ನು ತೆಗೆದವರಲ್ಲಿ 100ಕ್ಕೆ 15ರಂತೆ ಬದುಕಿ ಮನೆಗೆ ಹೋದರು. ಉಳಿದವರಲ್ಲಿ 100ಕ್ಕೆ ಸುಮಾರು ಒಬ್ಬರು. ದ್ರವ ತೆಗೆಸಿಕೊಂಡವರ ಸಂಖ್ಯೆ ತೀರಾ ಚಿಕ್ಕದು, ಆದ್ದರಿಂದ ಈ ಲೆಕ್ಕವನ್ನು ಜಾಸ್ತಿ ಎಳೆಯಬಾರದು. ಆದರೂ ಸುಮಾರು ನೂರಕ್ಕೆ ನೂರು ಸಾವೇ ಇರುವ ಕಡೆ ಇದು ಸಣ್ಣ ವಿಷಯವಲ್ಲ.

ಮರುವರ್ಷವೇ ಇನ್ನೊಂದು ಮುಖ ಕಂಡಿತು. ಅಮೆರಿಕದ ಮೇರಿಲ್ಯಾಂಡ್‌ನ ಸಂಶೋಧಕರು ಇಂಥ ಚಿಕಿತ್ಸೆಯ ವಿಡಿಯೋಗಳನ್ನು ಕೂತು ನೋಡಿದರು. ಕೈ ಎಷ್ಟು ಹೊತ್ತು ನಿಂತಿತು ಎಂದು ಅಳೆದರು. ಅಲ್ಟ್ರಾಸೌಂಡ್ ಬಳಸದಾಗ ಸರಾಸರಿ 13 ಸೆಕೆಂಡು. ಬಳಸಿದಾಗ 21. ಜೀವ ಉಳಿಸಲು ತಂದ ಯಂತ್ರ, ಜೀವ ಉಳಿಸುವ ಕೈಯನ್ನೇ ತಡೆದು ನಿಲ್ಲಿಸುತ್ತಿತ್ತು. ಸಣ್ಣ ಅಧ್ಯಯನ, ಆದರೆ ಇದನ್ನು ಓದಿದಾಗ ನನಗೆ ಅಳೆದವರ ಮೇಲೆ ಗೌರವ ಬಂತು. ತಾವು ನಂಬಿದ ಉಪಕರಣವನ್ನು ಗಡಿಯಾರ ಹಿಡಿದು ಪರೀಕ್ಷೆ ಮಾಡಲು ಧೈರ್ಯ ಬೇಕು.

ಆ ಹೊತ್ತೆಲ್ಲ ಎಲ್ಲಿ ಹೋಗುತ್ತದೆ? ಪಕ್ಕೆಲುಬಿನ ಮೂಳೆ ಸದ್ದನ್ನು ಒಳಗೆ ಬಿಡುವುದಿಲ್ಲ. ಶ್ವಾಸಕೋಶದ ಗಾಳಿ ಚಿತ್ರ ಕೆಡಿಸುತ್ತದೆ. ಎದೆಗೂಡಿನ ಕೆಳಗಿನಿಂದ ನೋಡೋಣವೆಂದರೆ, ಉಸಿರಿಗೆಂದು ಒತ್ತಿದ ಗಾಳಿ ಹೊಟ್ಟೆಗೂ ಹೋಗಿ ಅದು ಉಬ್ಬಿರುತ್ತದೆ. ಪ್ರೋಬ್ ಹಿಡಿದವರು ಅತ್ತ ಇತ್ತ ಜರುಗಿಸುತ್ತಾರೆ. ಇನ್ನೇನು ಕಂಡಿತು ಅನ್ನುವಾಗ ಬಿಡಲು ಮನಸ್ಸಾಗುವುದಿಲ್ಲ. ಕಂಡ ಮೇಲೆ, ಇದು ಅದೇನಾ ಎಂದು ಎಲ್ಲರೂ ಪರದೆ ನೋಡುತ್ತಾ ನಿಲ್ಲುತ್ತಾರೆ.

ಅಂದರೆ ತಪ್ಪು ಯಂತ್ರದಲ್ಲಿಲ್ಲ, ಕಲಿಸಿದ ರೀತಿಯಲ್ಲಿದೆ. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನ ಎಮರ್ಜೆನ್ಸಿ ವೈದ್ಯರು ಅದನ್ನೇ ಬದಲಿಸಿ ನೋಡಿದರು. ಒಂದು ಸಲ ಕೈ ನಿಂತಾಗ ಒಂದೇ ಪ್ರಶ್ನೆ. ಮೊದಲ ಸಲ, ಹೃದಯದ ಸುತ್ತ ದ್ರವ ಇದೆಯಾ? ಎರಡನೇ ಸಲ, ಹೃದಯದ ಬಲಭಾಗ ಊದಿದೆಯಾ? ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದ್ದರೆ ಹಾಗಾಗುತ್ತದೆ. ಮೂರನೇ ಸಲ, ಹೃದಯ ಅಲುಗುತ್ತಿದೆಯಾ? ಪ್ರೋಬನ್ನು ಕೈ ನಿಲ್ಲುವ ಮೊದಲೇ ಜಾಗದಲ್ಲಿ ಇಟ್ಟಿರಬೇಕು. ಕಂಡದ್ದನ್ನು ರೆಕಾರ್ಡ್ ಮಾಡಿಕೊಂಡು, ಎದೆ ಒತ್ತಲು ಶುರುವಾದ ಮೇಲೆ ನೋಡಬೇಕು. 2018ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಸರಾಸರಿ ನಿಲುಗಡೆ ಸುಮಾರು 20 ಸೆಕೆಂಡಿನಿಂದ 16ಕ್ಕೆ ಇಳಿದಿತ್ತು. 10ಕ್ಕೆ ಇನ್ನೂ ಬಂದಿರಲಿಲ್ಲ.

ಅಮೆರಿಕದ ಎಮರ್ಜೆನ್ಸಿ ವೈದ್ಯರ ಸಂಘ ಒಂದೊಂದು ಬಗೆಯ ಸ್ಕ್ಯಾನ್‌ಗೂ 25ರಿಂದ 50 ಸಲ ಅಭ್ಯಾಸ ಮಾಡಬೇಕು ಎನ್ನುತ್ತದೆ. ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯ 2006ರಿಂದಲೇ ಎಂಬಿಬಿಎಸ್‌ಗೆ ಸಮನಾದ ನಾಲ್ಕು ವರ್ಷದ ಕೋರ್ಸ್‌ನ ಉದ್ದಕ್ಕೂ ಅಲ್ಟ್ರಾಸೌಂಡ್ ಕಲಿಸುತ್ತಿದೆ. ಇದೆಲ್ಲ ಬೇಕು. ಆದರೆ ಲೆಕ್ಕ ತುಂಬಿಸಲು ಮಾಡುವ 50 ಸ್ಕ್ಯಾನ್‌ಗಳಲ್ಲಿ ಯಾರೂ ಅವಸರ ಮಾಡುವುದಿಲ್ಲ. ಚಿತ್ರ ಚೆನ್ನಾಗಿ ಬರುವವರೆಗೆ ಹುಡುಕಬಹುದು, ಚೆನ್ನಾಗಿ ಬಂದರೆ ಶಭಾಷ್ ಅನ್ನುತ್ತಾರೆ. ಹೃದಯ ನಿಂತ ರೋಗಿಯ ಮುಂದೆ ಇದಕ್ಕೆ ಪೂರ್ತಿ ಉಲ್ಟಾ ಅಭ್ಯಾಸ ಬೇಕು, ಅಲ್ವಾ? ಅದನ್ನು ಗೊಂಬೆಯ ಮೇಲೆ ಕಲಿಸಬಹುದು. ಪಕ್ಕದಲ್ಲಿ ಒಬ್ಬರು ಗಟ್ಟಿಯಾಗಿ ಎಣಿಸುತ್ತಾರೆ. ಹತ್ತು ಅಂದ ಕೂಡಲೇ, ಪರದೆಯಲ್ಲಿ ಏನೂ ಸಿಗದಿದ್ದರೂ, ವಿದ್ಯಾರ್ಥಿ "ಕಾಣಿಸ್ತಿಲ್ಲ, ಒತ್ತಿ" ಎಂದು ಹೇಳಿ ಪ್ರೋಬ್ ತೆಗೆಯಬೇಕು.