ಐದು ಮೂಟೆಯ ಭಾರ, ಹದಿನೆಂಟು ಗ್ರಾಂ ಪುಡಿ

ಒತ್ತಡದಲ್ಲಿ ಗಟ್ಟಿ ಕಾಫಿ ಇಳಿಸುವ ಮನೆಬಳಕೆಯ ಎಸ್ಪ್ರೆಸೊ ಯಂತ್ರದ ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಇರುವುದು "15 ಬಾರ್" ಅಥವಾ "20 ಬಾರ್". ಹದಿನೈದಕ್ಕಿಂತ ಇಪ್ಪತ್ತು ಮೇಲು ಎಂದುಕೊಂಡು ಜನ ಹಣ ಕೊಟ್ಟು ಬರುತ್ತಾರೆ. ಆ ಅಂಕಿಯನ್ನು ನಂಬಿ ಯಂತ್ರ ಆರಿಸಬೇಡಿ. ಬಾರ್ ಎಂಬುದು ಒತ್ತಡದ ಅಳತೆ, ಎಸ್ಪ್ರೆಸೊಗೆ ಬೇಕಾದದ್ದು ಸುಮಾರು 9 ಬಾರ್. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಪಂಪು ಒಂದೇ ಆ ಒತ್ತಡವನ್ನು ಹುಟ್ಟಿಸಲಾರದು. ಒತ್ತಡ ಹುಟ್ಟುವುದು ಬಾಸ್ಕೆಟ್ ಎಂಬ ರಂಧ್ರದ ತಳದ ಬಟ್ಟಲಲ್ಲಿ ಅದುಮಿಟ್ಟ ಕಾಫಿಪುಡಿಯ ಬಿಲ್ಲೆಯಲ್ಲಿ.

ಕೊಡಗಿನ ತೋಟದವರಿಗೆ ಇದು ಹೊಸದಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆ ನೀರು ಹಾಯಿಸುವಾಗ ಪೈಪಿನ ತುದಿ ತೆರೆದಿದ್ದರೆ ಪಂಪ್‌ಸೆಟ್ ಎಷ್ಟು ಓಡಿದರೂ ಗೇಜಿನ ಮುಳ್ಳು ಮೇಲೇಳುವುದಿಲ್ಲ. ತುದಿಗೆ ಸ್ಪ್ರಿಂಕ್ಲರ್ ಜೆಟ್ ಕೂರಿಸಿದ ಮೇಲೆ ಮುಳ್ಳು ಏರುತ್ತದೆ. ಪಂಪಿನ ಕೆಲಸ ನೀರನ್ನು ತಳ್ಳುವುದು. ತಳ್ಳಿದ ನೀರಿಗೆ ಏನಾದರೂ ಅಡ್ಡ ನಿಂತರೆ ಮಾತ್ರ ಒತ್ತಡ. ಎಸ್ಪ್ರೆಸೊ ಯಂತ್ರದಲ್ಲಿ ಆ ಜೆಟ್ಟಿನ ಜಾಗದಲ್ಲಿ ಕೂತಿರುವುದು 18 ಗ್ರಾಂ ಪುಡಿ. ಪುಡಿ ತರಿಯಾಗಿದ್ದರೆ 20 ಬಾರ್ ಪಂಪು ಕೂಡ 3 ಬಾರ್ ದಾಟಲಾರದು. ಪೆಟ್ಟಿಗೆಯ ಮೇಲಿನ 15 ಬಾರ್ ಎಂಬುದು ಹೊರದಾರಿ ಪೂರ್ತಿ ಮುಚ್ಚಿದಾಗ ಆ ಪುಟ್ಟ ವೈಬ್ರೇಷನ್ ಪಂಪು ಮುಟ್ಟುವ ಮಿತಿ. ಕಾಫಿ ಇಳಿಯುತ್ತಿರುವಾಗ ಅದು ಅಲ್ಲಿರುವುದಿಲ್ಲ. ಒಳ್ಳೆಯ ಯಂತ್ರದಲ್ಲಿ ಹೆಚ್ಚಿನ ಒತ್ತಡವನ್ನು ಹೊರಬಿಡುವ ಒಂದು ಸ್ಪ್ರಿಂಗ್ ಕವಾಟ ಇರುತ್ತದೆ. ಅದನ್ನು 9 ಬಾರಿಗೆ ಹೊಂದಿಸಲು ಆಗುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿ. ಪೆಟ್ಟಿಗೆಯ ಅಂಕಿಗಿಂತ ಈ ಪ್ರಶ್ನೆ ಉಪಯೋಗಕ್ಕೆ ಬರುತ್ತದೆ.

9 ಬಾರ್ ಅಂದರೆ ಎಷ್ಟು? 58 ಮಿ.ಮೀ. ಅಗಲದ ಬಿಲ್ಲೆಯ ಮೇಲ್ಮೈ 26.4 ಚದರ ಸೆಂ.ಮೀ. ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 9.2 ಕೆ.ಜಿ. ಭಾರ. ಒಟ್ಟು 242 ಕೆ.ಜಿ. ರೊಬಸ್ಟಾ ಚೆರ್ರಿಯ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿಹಣ್ಣಿನ, 50 ಕೆ.ಜಿ. ಮೂಟೆ ಐದನ್ನು ಒಂದರ ಮೇಲೊಂದು ಪೇರಿಸಿ, ಅಷ್ಟೂ ಭಾರವನ್ನು ಅಂಗೈಗಿಂತ ಚಿಕ್ಕದಾದ ಆ ಬಿಲ್ಲೆಯ ಮೇಲೆ ಇಟ್ಟಂತೆ. 15 ಬಾರಿಗೆ ಏರಿಸಿದರೆ ಎಂಟು ಮೂಟೆ. ಮೂರು ಮೂಟೆ ಹೆಚ್ಚಿಗೆ ಹೇರಿದರೆ ಕಾಫಿ ಹೆಚ್ಚು ಬರಬೇಕಲ್ಲವೇ? ಬರುವುದಿಲ್ಲ. ಬಿಲ್ಲೆ ಇನ್ನಷ್ಟು ಅದುಮಿಕೊಂಡು ಕಣಗಳ ನಡುವಿನ ಸಂದು ಮುಚ್ಚುತ್ತದೆ, ಎಲ್ಲೋ ಒಂದು ಕಡೆ ದುರ್ಬಲ ಜಾಗ ಸಿಕ್ಕಿದರೆ ನೀರು ಅಲ್ಲಿ ಸೀಳಿಕೊಂಡು ಹೋಗುತ್ತದೆ.

ಈ ಸೀಳಿಗೆ ಚಾನೆಲಿಂಗ್ ಎನ್ನುತ್ತಾರೆ. ಜುಲೈ ಮಳೆಗೆ ಬೋಳು ಇಳಿಜಾರು ಹೇಗಾಗುತ್ತದೆ ನೋಡಿ. ಮೊದಲು ಬೆರಳಷ್ಟು ಅಗಲದ ಗೀರು, ಸಂಜೆಯ ಹೊತ್ತಿಗೆ ಕೊರಕಲು, ಆಮೇಲೆ ಇಡೀ ಗುಡ್ಡದ ನೀರು ಅದೊಂದರಲ್ಲೇ. ಪಕ್ಕದ ಮಣ್ಣು ನೆನೆದಿರುವುದಿಲ್ಲ. ಅದಕ್ಕೇ ತೋಟದಲ್ಲಿ ಇಳಿಜಾರಿಗೆ ಅಡ್ಡಲಾಗಿ ತೊಟ್ಟಿಲುಗುಂಡಿ ತೆಗೆದು ನೀರನ್ನು ಹರಡುತ್ತಾರೆ. ಬಿಲ್ಲೆಯಲ್ಲೂ ಹಾಗೆಯೇ: ಕೊರಕಲು ಬಿದ್ದ ಜಾಗದ ಪುಡಿಯಿಂದ ಕಹಿಯೆಲ್ಲ ಬಸಿದುಹೋಗುತ್ತದೆ, ಉಳಿದ ಪುಡಿಯಿಂದ ಹುಳಿ ಬಿಟ್ಟು ಹೆಚ್ಚೇನೂ ಇಳಿಯುವುದಿಲ್ಲ. ಒಂದೇ ಲೋಟದಲ್ಲಿ ಕಹಿಯೂ ಹುಳಿಯೂ ಒಟ್ಟಿಗೆ ಬಂದರೆ ಕಾರಣ ಇದು, ಬೀಜವಲ್ಲ. ಇಲ್ಲಿ ತೊಟ್ಟಿಲುಗುಂಡಿಯ ಕೆಲಸಕ್ಕೆ ಒಂದು ಬಿರಡೆ ಸಾಕು. ಅದಕ್ಕೆ 0.4 ಮಿ.ಮೀ. ದಪ್ಪದ ನಾಲ್ಕೈದು ಸೂಜಿ ಚುಚ್ಚಿ, ಬಾಸ್ಕೆಟ್ಟಿನ ಪುಡಿಯನ್ನು ತಳದಿಂದ ಮೇಲಿನವರೆಗೆ ಗಂಟಿಲ್ಲದಂತೆ ಕಲಕಿ, ಆಮೇಲೆ ಪುಡಿ ಅದುಮುವ ಟ್ಯಾಂಪರ್ ಅನ್ನು ನೇರವಾಗಿ ಒತ್ತಬೇಕು. ಎಷ್ಟು ಬಲವಾಗಿ ಒತ್ತಿದಿರಿ ಎಂಬುದಕ್ಕಿಂತ ಮಟ್ಟವಾಗಿ ಒತ್ತಿದಿರಾ ಎಂಬುದೇ ದೊಡ್ಡದು.

ಹಾಗಾಗಿ ಯಂತ್ರಕ್ಕಿಂತ ಮೊದಲು ಗ್ರೈಂಡರಿನ ಮಾತಾಡಬೇಕು. ಕಣದ ಗಾತ್ರ ಅರ್ಧವಾದರೆ ಅದರ ನಡುವೆ ನೀರು ಹರಿಯುವ ವೇಗ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಗ್ರೈಂಡರನ್ನು ಕೂದಲೆಳೆಯಷ್ಟು ತಿರುಗಿಸಿದರೂ 25 ಸೆಕೆಂಡಿನ ಕಾಫಿ 40 ಸೆಕೆಂಡಿಗೆ ಹೋಗುವುದು ಇದರಿಂದಲೇ. ಅಕ್ಕಿಹಿಟ್ಟು ಮತ್ತು ಕೊಡಗಿನ ಕಡುಬಾದ ಕಡಂಬುಟ್ಟಿನ ಅಕ್ಕಿತರಿ ಇವೆರಡರ ನಡುವೆ, ಹಿಟ್ಟಿನ ಕಡೆಗೆ ಸ್ವಲ್ಪ ವಾಲಿದಂತೆ ಇರಬೇಕು ಪುಡಿ. ಬೆರಳಲ್ಲಿ ಹಿಚುಕಿದರೆ ಅಂಟಿಕೊಳ್ಳಬೇಕು, ಉಜ್ಜಿದರೆ ಮಾತ್ರ ತರಿತರಿ ಅನಿಸಬೇಕು. ಮಿಕ್ಸಿಯಲ್ಲಿ ಇದು ಸಾಧ್ಯವಿಲ್ಲ. ಮಿಕ್ಸಿಯ ಬ್ಲೇಡು ಬೀಜವನ್ನು ಹೊಡೆಯುತ್ತದೆ, ಅರೆಯುವುದಿಲ್ಲ. ಅದರಲ್ಲಿ ಧೂಳೂ ಇರುತ್ತದೆ, ರವೆಯೂ ಇರುತ್ತದೆ. ಧೂಳು ಬಾಸ್ಕೆಟ್ಟಿನ ರಂಧ್ರ ಕಟ್ಟುತ್ತದೆ, ರವೆ ನೀರಿಗೆ ದಾರಿ ಬಿಡುತ್ತದೆ. ಬೀಸುಕಲ್ಲಿನಂತೆ ಕೆಲಸ ಮಾಡುವ ಎರಡು ಉಕ್ಕಿನ ಬರ್‌ಗಳ ನಡುವೆ ಬೀಜ ಅರೆಯುವ, ಹಂತಗಳು ತೀರ ಹತ್ತಿರ ಹತ್ತಿರ ಇರುವ ಗ್ರೈಂಡರ್ ಬೇಕು. ಇಟ್ಟುಕೊಂಡ ಹಣದಲ್ಲಿ ಅರ್ಧ ಇದಕ್ಕೆ ಹೋದರೂ ತಪ್ಪಲ್ಲ. ದಿನಕ್ಕೆ ಎರಡು ಮೂರು ಲೋಟದ ಮನೆಗೆ ಒಳ್ಳೆಯ ಕೈಗ್ರೈಂಡರ್ ಸಾಕು, ಕರೆಂಟಿನ ಹಂಗೂ ಇಲ್ಲ.

ಮಡಿಕೇರಿ, ವಿರಾಜಪೇಟೆಯ ಪುಡಿ ಅಂಗಡಿಯಿಂದ ತಂದ ಚಿಕೋರಿ ಬೆರೆಸಿದ ಪುಡಿ ಈ ಯಂತ್ರಕ್ಕೆ ಆಗದು. ಚಿಕೋರಿ ನೀರಿನಲ್ಲಿ ಬಹುಪಾಲು ಕರಗುತ್ತದೆ, ಉಳಿದದ್ದು ಊದಿ ಮೆತ್ತಗಾಗುತ್ತದೆ. ಸ್ಟೀಲ್ ಫಿಲ್ಟರಿನಲ್ಲಿ ತೊಟ್ಟಿಕ್ಕಲು ಇಡೀ ರಾತ್ರಿ ಇರುವುದರಿಂದ ಅದು ಗುಣವಾಗುತ್ತದೆ. 25 ಸೆಕೆಂಡಿನ ಆಟದಲ್ಲಿ ಅದೇ ಬಾಸ್ಕೆಟ್ಟಿನ ಗಂಟಲು ಕಟ್ಟುತ್ತದೆ. ಜರಡಿಯ ಮೇಲೆ ಅಂಟಿದ ಪಾಕ ತೆಗೆಯುವುದು ಬೇರೆ ಕೆಲಸ.

ಅಂಗಡಿಯಲ್ಲಿ ಇನ್ನೊಂದು ಪರೀಕ್ಷೆ ಮಾಡಿ. ಹಿಡಿ ಇರುವ ಪೋರ್ಟಾಫಿಲ್ಟರಿನಿಂದ ಬಾಸ್ಕೆಟ್ ತೆಗೆದು ಬೆಳಕಿಗೆ ಹಿಡಿಯಿರಿ. ಒಳಗೆ ನೂರಾರು ರಂಧ್ರ, ಹೊರತಳದಲ್ಲಿ ಸೂಜಿಮೊನೆಯಷ್ಟು ಒಂದೇ ರಂಧ್ರ ಕಂಡರೆ ಅದು ಜೋಡಿ ತಳದ ಬಾಸ್ಕೆಟ್. ಆ ಒಂದು ರಂಧ್ರವೇ ಜೆಟ್ಟಿನಂತೆ ಒತ್ತಡ ಹುಟ್ಟಿಸಿ ನೊರೆ ಎಬ್ಬಿಸುತ್ತದೆ. ಪುಡಿ ಹೇಗಿದ್ದರೂ ನೊರೆ ಬರುತ್ತದೆ, ಹಾಗಾಗಿ ಅದು ಏನನ್ನೂ ಹೇಳುವುದಿಲ್ಲ. ತಳದಲ್ಲೂ ನೂರಾರು ರಂಧ್ರ ಇರುವ ಒಂಟಿ ತಳದ ಬಾಸ್ಕೆಟ್ ಆ ಯಂತ್ರಕ್ಕೆ ಸಿಗುತ್ತದೆಯೇ ಎಂದು ಖಚಿತಪಡಿಸಿಕೊಂಡೇ ಕೊಳ್ಳಿ. 58 ಮಿ.ಮೀ. ಅಳತೆಯದಾದರೆ ಬಿಡಿಭಾಗ ಸುಲಭವಾಗಿ ಸಿಗುತ್ತದೆ. 51, 54 ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತವೆ.

ಈ ನೊರೆಗೂ ಒಂದು ಚರಿತ್ರೆ ಇದೆ. 1884ರಲ್ಲಿ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಹಬೆಯಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಲೋಟಕ್ಕೊಂದರಂತೆ ಬೇಗ ಬೇಗ ಇಳಿಸುವ ವಿನ್ಯಾಸ ತಂದ. ಅವು ಹಬೆಯನ್ನು ನಂಬಿದ ಯಂತ್ರಗಳು. ಒತ್ತಡ ಹೆಚ್ಚಬೇಕಾದರೆ ನೀರು ಇನ್ನೂ ಬಿಸಿಯಾಗಬೇಕು, ನೀರು ಬಿಸಿಯಾದರೆ ಕಾಫಿ ಸೀಯುತ್ತದೆ. ಈ ಗಂಟನ್ನು ಬಿಡಿಸಿದವನು ಅಕಿಲೆ ಗಾಜ್ಜಾ. 1938ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, ಯುದ್ಧ ಮುಗಿದ ಮೇಲೆ ಸ್ಪ್ರಿಂಗ್ ಮತ್ತು ಪಿಸ್ಟನ್ನಿನಿಂದ ನೀರನ್ನು ತಳ್ಳುವ ಯಂತ್ರ ಮಾಡಿದ. ಒತ್ತಡ ಬೇರೆ, ಶಾಖ ಬೇರೆ ಆಯಿತು. ಆಗಲೇ ಮೊದಲ ಬಾರಿ ಲೋಟದ ಮೇಲೆ ಹೊಂಬಣ್ಣದ ನೊರೆ ನಿಂತದ್ದು. ಕಾಫಿಯ ಕೆನೆ ಎಂಬ ಅರ್ಥದಲ್ಲಿ ಅದಕ್ಕೆ ಕ್ರೆಮಾ ಎಂದರು. 1961ರಲ್ಲಿ ಫಾಯೆಮಾ ಕಂಪನಿಯ ಇ61 ಯಂತ್ರ ಕೈಯ ಬದಲು ವಿದ್ಯುತ್ ಪಂಪು ತಂದಿತು. 1933ರ, ಒಲೆಯ ಮೇಲಿಡುವ ಮೋಕಾ ಪಾಟ್ ಇಂದಿಗೂ ಹಬೆಯ ವಂಶಕ್ಕೇ ಸೇರಿದ್ದು, ಒತ್ತಡ ಒಂದೆರಡು ಬಾರ್ ಅಷ್ಟೇ. ಗಟ್ಟಿ ಕಾಫಿ ಕೊಡುತ್ತದೆ, ಎಸ್ಪ್ರೆಸೊ ಅಲ್ಲ.

ಕ್ರೆಮಾ ಅಂದರೆ ಹುರಿದ ಬೀಜದೊಳಗೆ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್. ಒತ್ತಡದಲ್ಲಿ ನೀರಿಗೆ ಕರಗಿ, ಲೋಟಕ್ಕೆ ಬಿದ್ದ ಕೂಡಲೇ ಸೋಡಾ ಬಾಟಲಿ ತೆರೆದಂತೆ ಗುಳ್ಳೆಯಾಗಿ ಏಳುತ್ತದೆ. ಎಣ್ಣೆಯ ಅಂಶ ಗುಳ್ಳೆಯನ್ನು ಒಡೆಯುತ್ತದೆ. ಅರೇಬಿಕಾದಲ್ಲಿ ಎಣ್ಣೆ ಶೇ. 15ರ ಆಸುಪಾಸು, ರೊಬಸ್ಟಾದಲ್ಲಿ ಶೇ. 10ರ ಆಸುಪಾಸು. ಹಾಗಾಗಿ ರೊಬಸ್ಟಾದ ಕ್ರೆಮಾ ದಪ್ಪ, ಬೇಗ ಕರಗದು. ಇಟಲಿಯವರು ತಮ್ಮ ಬ್ಲೆಂಡಿಗೆ ರೊಬಸ್ಟಾ ಬೆರೆಸುವುದು, ಭಾರತದ ಕಾಫಿಯನ್ನು ಅಷ್ಟು ಕೊಳ್ಳುವುದು ಸುಮ್ಮನೆ ಅಲ್ಲ. "ನಮ್ಮದು ರೊಬಸ್ಟಾ, ಎಸ್ಪ್ರೆಸೊಗೆ ಆಗಲ್ಲ" ಎಂದು ಕೊಡಗಿನಲ್ಲೇ ಕೇಳಿಬರುವ ಮಾತು ಬೇಸರ ತರಿಸುತ್ತದೆ. ಕಾಫಿ ಮಂಡಳಿಯ ವಿಶೇಷ ದರ್ಜೆ "ಕಾಪಿ ರಾಯಲ್" ತಯಾರಾಗುವುದೇ ಪಾರ್ಚ್ಮೆಂಟ್ ರೊಬಸ್ಟಾದಿಂದ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜದಿಂದ. ಚೆರ್ರಿಗಿಂತ ಪಾರ್ಚ್ಮೆಂಟ್ ಆರಿಸಿ, ಮಧ್ಯಮ ಹುರಿತ ಇರಲಿ, ಹುರಿದು ಏಳರಿಂದ ಹತ್ತು ದಿನ ಬಿಟ್ಟು ಬಳಸಿ. ಅಂದೇ ಹುರಿದ ಬೀಜದಲ್ಲಿ ಅನಿಲ ಹೆಚ್ಚಾಗಿ ಬಿಲ್ಲೆ ಒಡೆಯುತ್ತದೆ. ಕಪ್ಪಗೆ ಹುರಿದು ಎಣ್ಣೆ ಬಿಟ್ಟ ಬೀಜ ಗ್ರೈಂಡರಿನ ಬರ್‌ಗೆ ಮೆತ್ತಿಕೊಳ್ಳುತ್ತದೆ.

ಅಳತೆ ಹೀಗಿರಲಿ: 18 ಗ್ರಾಂ ಪುಡಿ, ಲೋಟಕ್ಕೆ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡು. ತಕ್ಕಡಿಯ ಮೇಲೆ ಲೋಟ ಇಟ್ಟೇ ಇಳಿಸಿ, ಕಣ್ಣಳತೆ ನಂಬಬೇಡಿ. 12 ಸೆಕೆಂಡಿಗೇ ಸುರಿದುಬಿಟ್ಟರೆ ಪುಡಿ ಇನ್ನೂ ನುಣ್ಣಗೆ ಮಾಡಿ. 15 ಸೆಕೆಂಡಾದರೂ ಒಂದು ತೊಟ್ಟೂ ಬೀಳದಿದ್ದರೆ ತರಿ ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಅರೇಬಿಕಾಗೆ 93 ಡಿಗ್ರಿ, ರೊಬಸ್ಟಾಗೆ 90ರಿಂದ 91. ಮಳೆಗಾಲದಲ್ಲಿ ಬೀಜ ತೇವ ಎಳೆದು ನಿನ್ನೆಯ ಹೊಂದಿಕೆ ಇಂದು ನಡೆಯುವುದಿಲ್ಲ. ಗ್ರೈಂಡರಿನ ಬುಟ್ಟಿಯಲ್ಲಿ ಬೀಜ ತುಂಬಿಡದೆ, ಆ ಹೊತ್ತಿಗೆ ಬೇಕಾದ 18 ಗ್ರಾಂ ಮಾತ್ರ ತೂಗಿ ಹಾಕಿ.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಯ ಸುತ್ತ ಕುದಿಯುತ್ತದೆ. ಬೆಟ್ಟದ ಮೇಲೆ ಯಂತ್ರ ಸರಿಯಾಗಿ ಕಾಯುವುದಿಲ್ಲ ಎಂಬ ಭಯ ಬೇಡ. ಬಾಯ್ಲರ್ ಮುಚ್ಚಿದ ಪಾತ್ರೆ, ಕುಕ್ಕರಿನಂತೆ. ಹೊರಗಿನ ಗಾಳಿಯ ಒತ್ತಡ ಅದಕ್ಕೆ ಲೆಕ್ಕಕ್ಕಿಲ್ಲ.

ಲೆಕ್ಕಕ್ಕೆ ಬರುವುದು ಕರೆಂಟು. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟಿಗೆ 1,450 ವ್ಯಾಟ್ ಕೊಡುವ ಹೀಟರ್ 180 ವೋಲ್ಟಿಗೆ 890 ವ್ಯಾಟಿಗೆ ಬಂದು ನಿಲ್ಲುತ್ತದೆ. ಥರ್ಮೊಬ್ಲಾಕ್ ಯಂತ್ರಗಳು ನೀರು ಹರಿಯುತ್ತಿರುವಾಗಲೇ ಅದನ್ನು ಕಾಯಿಸುವುದರಿಂದ ಇಂಥ ಹೊತ್ತಲ್ಲಿ ತಣ್ಣನೆಯ, ಹುಳಿ ಕಾಫಿ ಕೊಡುತ್ತವೆ. ಹಿತ್ತಾಳೆಯ ಬಾಯ್ಲರ್ ಇದ್ದರೆ ಕಾಯಲು ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಆದರೆ ಕಾದದ್ದು ಕಾದೇ ಇರುತ್ತದೆ. ವೋಲ್ಟೇಜ್ ಏರಿಳಿತವಿರುವ ಮನೆಗೆ ನಾನು ಬಾಯ್ಲರನ್ನೇ ಹೇಳುತ್ತೇನೆ. 850 ವಿಎ ಇನ್ವರ್ಟರ್ ಎರಡನ್ನೂ ಎಳೆಯದು. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಕಡ್ಡಾಯ. ಗುಡುಗು ಶುರುವಾದರೆ ಪ್ಲಗ್ ಕೀಳಿ.

ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಕಡೆ ಕೈಯಿಂದ ಒತ್ತುವ ಲಿವರ್ ಯಂತ್ರವೇ ಸರಿ. ಫ್ಲೇರ್, ರೋಬಾಟ್ ಮಾದರಿಯವು. ಗ್ಯಾಸಿನ ಮೇಲೆ ಕಾದ ನೀರು ಸುರಿದು ಹಿಡಿ ಒತ್ತಿದರೆ ಆಯಿತು. ಇಲ್ಲಿ ಮಾತ್ರ ಎತ್ತರ ಅಡ್ಡ ಬರುತ್ತದೆ. ಕುದಿದ ನೀರೇ 96 ಡಿಗ್ರಿ, ತಣ್ಣನೆಯ ಲೋಹ ಅದರಲ್ಲಿ ಹತ್ತು ಡಿಗ್ರಿ ನುಂಗಿದರೆ ಕಾಫಿ ಹುಳಿಯಾಗುತ್ತದೆ. ಮೊದಲು ಎರಡು ಸಲ ಕುದಿನೀರು ತುಂಬಿ ಚೆಲ್ಲಿ, ಆಮೇಲೆ ಪುಡಿ ಹಾಕಿ.

ತೆರೆದ ಬಾವಿ, ಒರತೆಯ ನೀರು ಇಲ್ಲಿ ಸಾಮಾನ್ಯವಾಗಿ ಮೃದು. ಸುಣ್ಣ ಕಟ್ಟುವ ಕಾಟ ಕಡಿಮೆ. ಆದರೆ ತೀರ ಮೃದು ನೀರು, ಆರ್‌ಒ ನೀರು ಲೋಹವನ್ನು ನಿಧಾನಕ್ಕೆ ತಿನ್ನುತ್ತದೆ. ತಾನಾಗಿ ನೀರು ತುಂಬಿಕೊಳ್ಳುವ ಬಾಯ್ಲರಿನ ಸೆನ್ಸರ್ ನೀರಿನ ವಿದ್ಯುತ್ ವಾಹಕತೆಯನ್ನು ನೋಡಿ ಮಟ್ಟ ತಿಳಿಯುವುದರಿಂದ, ಲವಣವಿಲ್ಲದ ನೀರು ಅದಕ್ಕೆ ಕಾಣದೆ ಬಾಯ್ಲರ್ ತುಂಬಿ ತುಳುಕುವುದೂ ಇದೆ. ಪರಿಹಾರ ಅಡುಗೆಮನೆಯಲ್ಲೇ ಇದೆ: ಒಂದು ಲೀಟರ್ ನೀರಿಗೆ 10 ಗ್ರಾಂ ಅಡುಗೆ ಸೋಡಾ ಕರಗಿಸಿ ಬಾಟಲಿಯಲ್ಲಿಡಿ. ಯಂತ್ರಕ್ಕೆ ಹಾಕುವ ಪ್ರತಿ ಲೀಟರಿಗೆ ಅದರಿಂದ 10 ಮಿ.ಲೀ. ಬೆರೆಸಿ. ಬೋರ್‌ವೆಲ್ ನೀರಾದರೆ ಈ ಸೋಡಾ ಬೇಡ, ಮೊದಲು ಗಡಸುತನ ಪರೀಕ್ಷಿಸಿ.

ಹಾಲಿನ ಕಾಫಿ ಕುಡಿಯುವ ಮನೆಯಲ್ಲಿ ಹಬೆಯ ನಳಿಕೆಯ ಪ್ರಶ್ನೆ ಬರುತ್ತದೆ. ಒಂದೇ ಬಾಯ್ಲರ್ ಇರುವ ಯಂತ್ರದಲ್ಲಿ ಕಾಫಿ ಇಳಿಸಿ, ಒಂದು ನಿಮಿಷ ಕಾದು, ಆಮೇಲೆ ಹಬೆ. ಇಬ್ಬರಿಗೆ ಇದು ಸಾಕು. ಬೆಳಿಗ್ಗೆ ಆರು ಲೋಟ ಬೇಕಾದ ಒಟ್ಟು ಕುಟುಂಬಕ್ಕೆ ಹೀಟ್ ಎಕ್ಸ್‌ಚೇಂಜರ್ (ಒಂದೇ ಬಾಯ್ಲರಿನಿಂದ ಕಾಫಿ, ಹಬೆ ಎರಡನ್ನೂ ಒಟ್ಟಿಗೆ ಕೊಡುವ ಏರ್ಪಾಡು) ಇಲ್ಲವೇ ಎರಡು ಬಾಯ್ಲರ್ ಇಲ್ಲದಿದ್ದರೆ ತಾಳ್ಮೆ ಕೆಡುತ್ತದೆ. ಹಾಲು ಫ್ರಿಜ್ಜಿನಿಂದ ನೇರ ಬರಲಿ, 60ರಿಂದ 65 ಡಿಗ್ರಿಗೆ ನಿಲ್ಲಿಸಿ. ಕಾಯಿಸಿ ಆರಿಸಿದ ಹಾಲಾದರೆ ಕೆನೆ ಸೋಸಿ ತೆಗೆಯಿರಿ. ಮುಗಿದ ಕೂಡಲೇ ನಳಿಕೆ ಒರೆಸಿ ಒಮ್ಮೆ ಹಬೆ ಬಿಡದಿದ್ದರೆ ಒಳಗೆಳೆದ ಹಾಲು ಅಲ್ಲೇ ಒಣಗಿ ರಂಧ್ರ ಕಟ್ಟುತ್ತದೆ.

ಬೆಲ್ಲದ ಕಾಪಿಗೂ ಇದೇ ಎಸ್ಪ್ರೆಸೊ ಒಗ್ಗುತ್ತದೆ. ಲೋಟದ ತಳಕ್ಕೆ ಪುಡಿ ಮಾಡಿದ ಬೆಲ್ಲ ಒಂದು ಚಮಚ, ಅದರ ಮೇಲೆ ನೇರವಾಗಿ 36 ಗ್ರಾಂ ರೊಬಸ್ಟಾ ಎಸ್ಪ್ರೆಸೊ, ಕಲಕಿ, ಆಮೇಲೆ 100 ಮಿ.ಲೀ. ಬಿಸಿನೀರು. ಬೆಲ್ಲದ ನೀರನ್ನು ಯಂತ್ರದ ಟ್ಯಾಂಕಿಗೆ ಮಾತ್ರ ಹಾಕಬೇಡಿ, ಹೀಟರಿನ ಮೇಲೆ ಪಾಕವಾಗಿ ಕೂತರೆ ಬಿಚ್ಚದೆ ತೆಗೆಯಲಾಗದು.