ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸ್ ಪಡೆಗಳಿಗೆ ಹಣ ಬರುವುದೆಲ್ಲಿಂದ? – ಅಧ್ಯಯನ ಟಿಪ್ಪಣಿ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 43 ಪ್ರಾದೇಶಿಕ ಪೊಲೀಸ್ ಪಡೆಗಳಿವೆ. ಇವುಗಳ ಆದಾಯಕ್ಕೆ ಎರಡು ಮುಖ್ಯ ಮೂಲ: ಸರ್ಕಾರದ ಅನುದಾನ, ಮತ್ತು ಮನೆಗಳ ಮೇಲಿನ ಕೌನ್ಸಿಲ್ ಟ್ಯಾಕ್ಸ್‌ನಲ್ಲಿ ಪೊಲೀಸರಿಗೆಂದು ಸೇರಿಸುವ ಪಾಲು. ಈ ಪಾಲಿನ ಹೆಸರು ಪ್ರಿಸೆಪ್ಟ್. ಪೊಲೀಸ್ ಪಡೆ ತಾನೇ ತೆರಿಗೆ ವಸೂಲಿ ಮಾಡುವುದಿಲ್ಲ. ಸ್ಥಳೀಯ ಕೌನ್ಸಿಲ್ ತನ್ನ ಬಿಲ್ಲಿನಲ್ಲೇ ಅದನ್ನು ಸೇರಿಸಿ, ವಸೂಲಿ ಮಾಡಿ, ದಾಟಿಸುತ್ತದೆ.

ಅನುದಾನದ ಹಂಚಿಕೆ 2006–07ರಲ್ಲಿ ಜಾರಿಗೆ ಬಂದ ಸೂತ್ರವನ್ನು ಆಧರಿಸಿದೆ. ಜನಸಂಖ್ಯೆ, ಸಾಮಾಜಿಕ ಸ್ಥಿತಿಯಂಥ ಅಂಶಗಳಿಂದ ಪ್ರತಿ ಪಡೆಯ ಅಗತ್ಯವನ್ನು ಅದು ಅಂದಾಜಿಸುತ್ತದೆ. ಆದರೆ ಯಾವ ಪಡೆಗೂ ಒಮ್ಮೆಲೇ ಹೊಡೆತ ಬೀಳದಿರಲಿ ಎಂದು ಏರಿಳಿತ ತಗ್ಗಿಸುವ ಹೊಂದಾಣಿಕೆಯನ್ನೂ ಮಾಡುತ್ತ ಬಂದಿದ್ದರಿಂದ, ಸೂತ್ರ ಹೇಳುವ ಮೊತ್ತವೂ ಕೈಗೆ ಬರುವ ಮೊತ್ತವೂ ಒಂದೇ ಅಲ್ಲ. 2015ರಲ್ಲಿ ಹೊಸ ಸೂತ್ರ ತರಲು ಹೊರಟ ಸರ್ಕಾರ, ಲೆಕ್ಕಕ್ಕೆ ಬಳಸಿದ ದತ್ತಾಂಶದಲ್ಲೇ ತಪ್ಪಿರುವುದು ಬಯಲಾದ ಮೇಲೆ ಅದನ್ನು ಕೈಬಿಟ್ಟಿತು.

ಪ್ರಿಸೆಪ್ಟ್ ನಿಗದಿ ಮಾಡುವವರು ಹೆಚ್ಚಿನ ಕಡೆ ಪೊಲೀಸ್ ಅಂಡ್ ಕ್ರೈಮ್ ಕಮಿಷನರ್. ಇವರು ಸಮವಸ್ತ್ರದ ಅಧಿಕಾರಿಯಲ್ಲ, ಮತದಾರರು ಆರಿಸಿದವರು; 2011ರ ಕಾಯ್ದೆಯಡಿ 2012ರ ನವೆಂಬರ್‌ನಲ್ಲಿ ಮೊದಲ ಚುನಾವಣೆ ನಡೆಯಿತು. ಲಂಡನ್, ಗ್ರೇಟರ್ ಮ್ಯಾಂಚೆಸ್ಟರ್, ವೆಸ್ಟ್ ಯಾರ್ಕ್‌ಷೈರ್ ಮುಂತಾದೆಡೆ ಈ ಹೊಣೆ ಮೇಯರ್‌ದು.

ಈಗ ಲೆಕ್ಕ. ಒಂದು ಪಡೆಯ ವಾರ್ಷಿಕ ಬಜೆಟ್ 20 ಕೋಟಿ ಪೌಂಡ್ ಎಂದುಕೊಳ್ಳಿ (ಉದಾಹರಣೆಗಷ್ಟೇ). ಅನುದಾನ ಮತ್ತು ಮೀಸಲು ನಿಧಿಯಿಂದ 12 ಕೋಟಿ ಸಿಕ್ಕರೆ ಉಳಿದ 8 ಕೋಟಿ ತೆರಿಗೆಯಿಂದ ಬರಬೇಕು. ಇದನ್ನು ಪ್ರದೇಶದ ತೆರಿಗೆ ಮೂಲದಿಂದ ಭಾಗಿಸಬೇಕು. (ಅದೇನೆಂಬುದು ಮುಂದಿನ ಪ್ಯಾರಾದಲ್ಲಿದೆ.) ಅದು 4 ಲಕ್ಷವಾದರೆ ಬ್ಯಾಂಡ್ ಡಿ ಮನೆಯ ಪ್ರಿಸೆಪ್ಟ್ 200 ಪೌಂಡ್. ಬ್ಯಾಂಡ್ ಎಂದರೆ ಮನೆಯ ಬೆಲೆಗೆ ತಕ್ಕ ತೆರಿಗೆ ವರ್ಗ: ಎ ಅಗ್ಗದ ಮನೆಗಳದ್ದು, ಎಚ್ ದುಬಾರಿ ಮನೆಗಳದ್ದು, ನಡುವಿನ ಡಿ ಲೆಕ್ಕದ ಅಳತೆಗೋಲು. ಬ್ಯಾಂಡ್ ಎ ಮನೆ ಇದರ 6/9 ಪಾಲು, ಅಂದರೆ 133.33 ಪೌಂಡ್ ಕಟ್ಟುತ್ತದೆ. ಬ್ಯಾಂಡ್ ಎಚ್ ಮನೆ 18/9, ಅಂದರೆ 400.

ಬಹುತೇಕರು ಎಡವುವುದು ಇಲ್ಲೇ. ತೆರಿಗೆ ಮೂಲವೆಂದರೆ ಮನೆಗಳ ಸಂಖ್ಯೆಯಲ್ಲ. ಎಲ್ಲ ಮನೆಗಳನ್ನೂ ಬ್ಯಾಂಡ್ ಡಿ ಲೆಕ್ಕಕ್ಕೆ ಇಳಿಸಿ, ಒಬ್ಬರೇ ವಾಸಿಸುವ ಮನೆಯ 25% ರಿಯಾಯಿತಿಯಂಥವನ್ನು ಕಳೆದು, ವಸೂಲಾಗದೆ ಉಳಿಯುವ ಅಂದಾಜನ್ನೂ ತೆಗೆದ ಮೇಲೆ ಸಿಗುವ ಅಂಕಿ. ಒಂದು ಲಕ್ಷ ಮನೆಗಳೆಲ್ಲ ಬ್ಯಾಂಡ್ ಎ ಆಗಿದ್ದರೆ, ರಿಯಾಯಿತಿಗೂ ಮೊದಲೇ ಅದು ಸುಮಾರು 66,667ಕ್ಕೆ ಇಳಿಯುತ್ತದೆ.

ಆದ್ದರಿಂದಲೇ ಬಡ ಪ್ರದೇಶದ ಪಡೆಗೆ ತೆರಿಗೆ ಏರಿಕೆಯಿಂದ ಸಿಗುವುದು ಕಡಿಮೆ. 14 ಪೌಂಡ್ ಏರಿಸಿದರೆ ನಮ್ಮ ಪಡೆಗೆ 56 ಲಕ್ಷ, ಬಜೆಟ್ಟಿನ 2.8%. ಅಷ್ಟೇ ಬಜೆಟ್ಟಿದ್ದು ತೆರಿಗೆ ಮೂಲ 2 ಲಕ್ಷ ಮಾತ್ರ ಇರುವ ಪಡೆಗೆ 28 ಲಕ್ಷ, 1.4%. ನಿಜ ಜಗತ್ತಿನಲ್ಲಿ, ಲಂಡನ್ ಪಕ್ಕದ ಸಿರಿವಂತ ಸರ್‍ರೆ ಪಡೆಯ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಥಳೀಯ ತೆರಿಗೆ. ಇಂಗ್ಲೆಂಡಿನ ಈಶಾನ್ಯದ ನಾರ್ತಂಬ್ರಿಯಾದಲ್ಲಿ ಐದನೇ ಒಂದರಷ್ಟು. ಅನುದಾನಕ್ಕೆ ಕತ್ತರಿ ಬಿದ್ದಾಗ ಹೆಚ್ಚು ನೋಯುವುದು ನಾರ್ತಂಬ್ರಿಯಾಗೆ. ಅಪರಾಧ ಎಲ್ಲಿ ಹೆಚ್ಚು ಎಂಬುದಕ್ಕೂ ತೆರಿಗೆ ಎತ್ತುವ ಶಕ್ತಿಗೂ ನೇರ ನಂಟಿಲ್ಲ. ಈ ಇಡೀ ವ್ಯವಸ್ಥೆಯ ದೊಡ್ಡ ದೋಷ ಇದೇ ಎನ್ನಬಹುದು.

ವೇಳಾಪಟ್ಟಿ ಬಿಗಿ. ಡಿಸೆಂಬರ್‌ನಲ್ಲಿ ಅನುದಾನದ ತಾತ್ಕಾಲಿಕ ಅಂಕಿ ಬರುತ್ತದೆ. ಕಮಿಷನರ್ ಫೆಬ್ರವರಿ 1ರೊಳಗೆ ಪ್ರಸ್ತಾವವನ್ನು ಪೊಲೀಸ್ ಅಂಡ್ ಕ್ರೈಮ್ ಪ್ಯಾನೆಲ್ (ಕಮಿಷನರ್ ಮೇಲೆ ನಿಗಾ ಇಡುವ ಸ್ಥಳೀಯ ಸಮಿತಿ) ಮುಂದಿಡಬೇಕು, ಪ್ಯಾನೆಲ್ 8ರೊಳಗೆ ಪರಿಶೀಲಿಸಬೇಕು. ತಡೆಹಿಡಿಯಲು ಮೂರನೇ ಎರಡರಷ್ಟು ಮತ ಬೇಕು. ಅದು ಹಾಜರಿದ್ದವರಲ್ಲಿ ಅಲ್ಲ, ಒಟ್ಟು ಸದಸ್ಯರಲ್ಲಿ. ತಡೆದರೆ ಕಮಿಷನರ್ ಪರಿಷ್ಕೃತ ಮೊತ್ತ ತರಬೇಕು, ಆದರೆ ಅದನ್ನು ಮತ್ತೆ ತಡೆಯುವ ಅಧಿಕಾರ ಪ್ಯಾನೆಲ್‌ಗಿಲ್ಲ.

ಇಂಗ್ಲೆಂಡ್‌ನಲ್ಲಿ ಏರಿಕೆಗೆ ವರ್ಷವರ್ಷವೂ ಮಿತಿ ಇರುತ್ತದೆ: ಬ್ಯಾಂಡ್ ಡಿಗೆ 2024–25ರಲ್ಲಿ 13 ಪೌಂಡ್, 2025–26ರಲ್ಲಿ 14. ದಾಟಿದರೆ ಜನಮತಗಣನೆ ಕಡ್ಡಾಯ. 2015ರಲ್ಲಿ ಬೆಡ್‌ಫರ್ಡ್‌ಷೈರ್ 15.8% ಏರಿಕೆ ಕೇಳಿತು, ಮತದಾರರು ತಿರಸ್ಕರಿಸಿದರು. ಮತದಾನ ನಡೆದದ್ದು ಮೇ ತಿಂಗಳಲ್ಲಿ, ಆರ್ಥಿಕ ವರ್ಷ ಶುರುವಾದ ಮೇಲೆ. ಸೋತರೆ ಹೊಸ ಬಿಲ್ ಕಳಿಸುವ ಖರ್ಚು, ಬಜೆಟ್ ಕಡಿತ ಎರಡೂ ಮೈಮೇಲೆ ಬರುತ್ತವೆ. ವೇಲ್ಸ್‌ಗೆ ಈ ಜನಮತಗಣನೆಯ ನಿಯಮ ಅನ್ವಯಿಸದು.

ಸ್ಕಾಟ್ಲೆಂಡನ್ನು ಈ ಲೆಕ್ಕಕ್ಕೆ ಬೆರೆಸಬೇಡಿ. 2013ರ ಏಪ್ರಿಲ್ 1ರಿಂದ ಅಲ್ಲಿರುವುದು ಒಂದೇ ಪಡೆ, ಪ್ರಿಸೆಪ್ಟ್ ಇಲ್ಲ.

ಇನ್ನು ಸರ್ಕಾರದ ಪ್ರಕಟಣೆ ಓದುವಾಗ ‘ಇಷ್ಟು ಪೌಂಡ್‌ವರೆಗೆ ಹೆಚ್ಚಳ’ ಎಂಬಲ್ಲಿ ‘ವರೆಗೆ’ ಎಂಬುದರ ಮೇಲೆ ಕಣ್ಣಿಡಿ. ಎಲ್ಲ ಕಮಿಷನರುಗಳೂ ಮಿತಿಯಷ್ಟೂ ತೆರಿಗೆ ಏರಿಸುತ್ತಾರೆ ಎಂಬ ಊಹೆ ಅದರೊಳಗಿದೆ. ಕೇಂದ್ರದ ಬೊಕ್ಕಸದಿಂದ ಬರುವುದೆಷ್ಟು ಎಂದು ತಿಳಿಯಲು ಪ್ರಿಸೆಪ್ಟ್ ಮೊತ್ತವನ್ನು ಕಳೆದೇ ನೋಡಬೇಕು.